ಟೂಸಾನ್: ಎರಡು ಬೇಸಿಗೆಗಳ ಊರು

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಅರಿಜೋನಾ ರಾಜ್ಯದ ದಕ್ಷಿಣದಲ್ಲಿ, ಮೆಕ್ಸಿಕೋ ಗಡಿಗೆ ಹತ್ತಿರವೇ ಇರುವ ಊರು ಟೂಸಾನ್. ಸಮುದ್ರಮಟ್ಟದಿಂದ ಸುಮಾರು 2,400 ಅಡಿ ಎತ್ತರ. 2020ರ ಜನಗಣತಿಯ ಪ್ರಕಾರ ಜನಸಂಖ್ಯೆ 5.42 ಲಕ್ಷ. ನಾಲ್ಕೂ ದಿಕ್ಕಿಗೆ ಬೆಟ್ಟ, ನಡುವೆ ಸೊನೋರನ್ ಮರುಭೂಮಿ. ಅರಿಜೋನಾ ವಿಶ್ವವಿದ್ಯಾಲಯ ಇರುವುದು ಇಲ್ಲಿಯೇ. ಕರ್ನಾಟಕದಿಂದ ಓದಲು ಹೋಗುವ ಮಕ್ಕಳೂ ಆಗಸ್ಟ್ ತಿಂಗಳಲ್ಲಿ ಈ ಊರಿಗೆ ಬಂದಿಳಿಯುತ್ತಾರೆ. ಮರುಭೂಮಿ ಎಂದು ಕೇಳಿಕೊಂಡು ಬಂದವರಿಗೆ ಮೊದಲ ವಾರವೇ ಗುಡುಗು, ಸಿಡಿಲು, ಬೀದಿಯಲ್ಲಿ ಮೊಣಕಾಲುದ್ದ ನೀರು ಕಂಡರೆ ದಿಗಿಲಾಗುವುದು ಸಹಜ. ಈ ಊರಿನ ದಿನಚರಿ, ಇಲ್ಲಿನ ಪತ್ರಿಕೆಗಳ ಸುದ್ದಿ, ಕೊನೆಗೆ ನಗರಸಭೆಯ ಜಗಳ ಕೂಡ ಅರ್ಥವಾಗಬೇಕಾದರೆ ನೀರಿನ ಲೆಕ್ಕ ತಿಳಿದಿರಬೇಕು. ಇಂದಿನ ಮಾತೆಲ್ಲ ಆ ಲೆಕ್ಕದ್ದೇ.

ವರ್ಷಕ್ಕೆ ಬೀಳುವ ಮಳೆ ಸರಾಸರಿ 10.6 ಇಂಚು, ಅಂದರೆ 270 ಮಿಲಿಮೀಟರ್. ನಮ್ಮಲ್ಲಿ ಬರದ ಸೀಮೆ ಎನ್ನಿಸಿಕೊಂಡ ಚಳ್ಳಕೆರೆ ಕಡೆ ಬೀಳುವುದಕ್ಕಿಂತ ಎಷ್ಟೋ ಕಡಿಮೆ. ಆದರೆ ಅದು ಎರಡು ಕಂತಿನಲ್ಲಿ ಬರುತ್ತದೆ. ಚಳಿಗಾಲದ್ದು ಮೆತ್ತಗಿನ ಜಡಿಮಳೆ. ಬೇಸಿಗೆಯದು ಅಬ್ಬರದ ಮಳೆ. ವರ್ಷದ ಅರ್ಧದಷ್ಟು ಈ ಬೇಸಿಗೆಯ ಕಂತಿನಲ್ಲೇ ಸುರಿಯುತ್ತದೆ. ಎರಡು ಕಂತು ಇರುವುದರಿಂದಲೇ ಈ ಮರುಭೂಮಿ ಬರೀ ಮರಳಾಗದೆ ಮರಗಿಡಗಳಿಂದ ತುಂಬಿದೆ. ಅಲ್ಲಿಯವರು ವರ್ಷಕ್ಕೆ ಐದು ಋತು ಎಣಿಸುತ್ತಾರೆ, ಬೇಸಿಗೆಯೇ ಎರಡು. ಮೇ, ಜೂನ್ ಒಣಬೇಸಿಗೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಳೆಬೇಸಿಗೆ, ಅದಕ್ಕೆ ಅವರೂ ಮಾನ್ಸೂನ್ ಎಂದೇ ಹೇಳುತ್ತಾರೆ. ಸರ್ಕಾರಿ ಲೆಕ್ಕದಲ್ಲಿ ಮಾನ್ಸೂನ್ ಜೂನ್ 15ರಿಂದ ಸೆಪ್ಟೆಂಬರ್ 30. ಈ ತಾರೀಖು ಗೊತ್ತುಮಾಡಿದ್ದು 2008ರಲ್ಲಿ. ಅದಕ್ಕೆ ಮುಂಚೆ, ಇಬ್ಬನಿ ಬಿಂದುವಿನ (ಗಾಳಿಯ ತೇವ ಹನಿಗಟ್ಟಲು ಶುರುವಾಗುವ ಉಷ್ಣತೆ) ಸರಾಸರಿ ಸತತ ಮೂರು ದಿನ 54 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಮಳೆಗಾಲ ಶುರುವಾಯಿತು ಎನ್ನುತ್ತಿದ್ದರು. ಹಳೆಯ ಮೆಕ್ಸಿಕನ್ ಮನೆತನಗಳಿಗೆ ಜೂನ್ 24, ಸಂತ ಜಾನ್‌ರ ದಿನ, ಮಳೆ ಬರುವ ದಿನ. ಈ ನೆಲದ ಮೂಲನಿವಾಸಿಗಳಾದ ತೊಹೊನೊ ಓಧಮ್ ಜನ ಅದೇ ಹೊತ್ತಿಗೆ ಸವಾರೋ ಕಳ್ಳಿಯ ಹಣ್ಣನ್ನು ಉದ್ದ ಗಳು ಹಿಡಿದು ಬೀಳಿಸುತ್ತಾರೆ. ಅವರ ಹೊಸ ವರ್ಷ ಅಲ್ಲಿಂದ ಶುರು.

ಮೊದಲು ಒಣಬೇಸಿಗೆಯನ್ನು ನೋಡೋಣ. ಜೂನ್‌ನಲ್ಲಿ ಮಧ್ಯಾಹ್ನದ ಬಿಸಿ ಸರಾಸರಿ 38 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಈವರೆಗಿನ ದಾಖಲೆ 1990ರ ಜೂನ್ 26ರಂದು ಮುಟ್ಟಿದ 117 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 47 ಸೆಲ್ಸಿಯಸ್. ಹಳೆಯ ಮನೆಗಳ ಸೂರಿನ ಮೇಲೆ ಒಂದು ಚೌಕ ಪೆಟ್ಟಿಗೆ ಕೂತಿರುತ್ತದೆ, ಅದೇ ನೀರಿನ ಕೂಲರ್. ಕಲಬುರಗಿ, ರಾಯಚೂರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಒದ್ದೆ ಪ್ಯಾಡಿನ ಮೂಲಕ ಗಾಳಿ ಎಳೆದು ತಂಪು ಮಾಡುವ ಅದೇ ಉಪಾಯ. ಲಾವಂಚದ ತಟ್ಟಿಗೆ ನೀರು ಚಿಮುಕಿಸುತ್ತಿದ್ದುದೂ ಇದೇ. ಅಲ್ಲಿ ನೆಲದ ಮೇಲೆ ನಿಲ್ಲಿಸುವ ಬದಲು ಸೂರಿನ ಮೇಲಿಟ್ಟು ಕೊಳವೆಯಲ್ಲಿ ಕೋಣೆಗೆ ಇಳಿಸುತ್ತಾರೆ, ಅಷ್ಟೇ ವ್ಯತ್ಯಾಸ.

ಲೆಕ್ಕ ಹೀಗಿದೆ. ಹೊರಗೆ 38 ಡಿಗ್ರಿ ಇದ್ದು ಗಾಳಿಯ ತೇವಾಂಶ ಶೇಕಡ 10 ಇದ್ದರೆ ಒಳ್ಳೆಯ ಕೂಲರ್ ಸುಮಾರು 22 ಡಿಗ್ರಿಯ ಗಾಳಿ ಕೊಡುತ್ತದೆ. ಅದೇ 38ಕ್ಕೆ ತೇವಾಂಶ ಶೇಕಡ 40 ಆಯಿತೆನ್ನಿ, ಬರುವ ಗಾಳಿ 29 ಡಿಗ್ರಿಯದು, ಅದೂ ಜಿಗುಟು. ಹಾಗಾಗಿ ಒಣಬೇಸಿಗೆಯಲ್ಲಿ ಇದಕ್ಕಿಂತ ಅಗ್ಗದ ತಂಪು ಬೇರೊಂದಿಲ್ಲ. ಮಳೆಬೇಸಿಗೆ ಬಂತೆಂದರೆ ಇದರಿಂದ ಪ್ರಯೋಜನವಿಲ್ಲ. ಕರೆಂಟ್ ಉಳಿದರೂ ನೀರು ಗಂಟೆಗೆ 3ರಿಂದ 10 ಗ್ಯಾಲನ್ (ಒಂದು ಗ್ಯಾಲನ್ ಎಂದರೆ ಸುಮಾರು 3.8 ಲೀಟರ್) ಹೋಗುತ್ತದೆ. ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಏಪ್ರಿಲ್ ಕೊನೆಗೆ ಕೂಲರ್ ಚಾಲೂ ಮಾಡುವ ಕೆಲಸ ಬರುತ್ತದೆ. ಬೆಳಗಿನ ಹೊತ್ತೇ ಸೂರು ಹತ್ತಬೇಕು. ಮೊದಲು ಕರೆಂಟ್ ತೆಗೆಯಿರಿ, ಮಿಕ್ಕಿದ್ದೆಲ್ಲ ಆಮೇಲೆ. ಚಳಿಗಾಲದ ಹೊದಿಕೆ ಬಿಚ್ಚಿ, ಪಕ್ಕದ ಹಲಗೆಗಳನ್ನು ಎತ್ತಿ ತೆಗೆದರೆ ಕೆಳಗಿನ ತಟ್ಟೆಯಲ್ಲಿ ಬಿಳಿ ಹಕ್ಕಳೆ ಕಟ್ಟಿರುತ್ತದೆ. ಅದು ಗಡಸುನೀರಿನ ಸುಣ್ಣ. ವಿನಿಗರ್ ಸುರಿದು ಸ್ವಲ್ಪ ಹೊತ್ತು ಬಿಟ್ಟು ಕೆರೆಯಬೇಕು. ಮರದ ನಾರಿನ ಪ್ಯಾಡಾದರೆ ಪ್ರತಿವರ್ಷ ಹೊಸದು ಹಾಕಿ, ಹಳೆಯದನ್ನೇ ಉಳಿಸಿದರೆ ಮನೆಯೆಲ್ಲ ಕೆಸರಿನ ವಾಸನೆ. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಮುಕ್ಕಾಲಿನಿಂದ ಒಂದು ಇಂಚು ಬಗ್ಗಬೇಕು. ಬಿಗಿಯಾದರೆ ಬೇರಿಂಗ್ ಸವೆಯುತ್ತದೆ, ಸಡಿಲವಾದರೆ ಕಿರುಚುತ್ತದೆ. ನೀರು ನಿಲ್ಲಿಸುವ ಫ್ಲೋಟನ್ನು, ತುಂಬಿ ಹರಿಯುವ ಕೊಳವೆಯ ಬಾಯಿಗಿಂತ ಒಂದಿಂಚು ಕೆಳಗೆ ನೀರು ನಿಲ್ಲುವಂತೆ ಹೊಂದಿಸಿ. ಪಂಪ್ ಮಾತ್ರ ಹಾಕಿ ಹತ್ತು ನಿಮಿಷ ಪ್ಯಾಡು ತೊಯ್ಯಲಿ, ನಾಲ್ಕೂ ಮೂಲೆ ಒದ್ದೆಯಾಯಿತೇ ಕೈಯಿಂದ ಮುಟ್ಟಿ ನೋಡಿ. ಒಣಗಿ ಉಳಿದ ಒಂದು ಅಂಗೈಯಗಲ ಜಾಗವಿದ್ದರೂ ಬಿಸಿಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಆಮೇಲೆ ಫ್ಯಾನ್ ಹಾಕಿ.

ಹೊಸಬರು ಮಾಡುವ ದೊಡ್ಡ ತಪ್ಪು ಕಿಟಕಿ ಮುಚ್ಚಿಕೊಂಡು ಕೂರುವುದು. ಒಳಗೆ ಬಂದ ಗಾಳಿ ಹೊರಗೆ ಹೋಗಲೇಬೇಕು. ಯಾವ ಕೋಣೆ ತಂಪಾಗಬೇಕೋ ಆ ಕೋಣೆಯ ಕಿಟಕಿಯನ್ನು ನಾಲ್ಕಾರು ಇಂಚು ತೆರೆದಿಡಿ. ಬಾಗಿಲು ತಾನೇ ಧಡಾರನೆ ಬಡಿದುಕೊಂಡರೆ ಇನ್ನಷ್ಟು ತೆರೆಯಬೇಕು ಎಂದರ್ಥ. ಎರಡನೆಯ ತಪ್ಪು ಜುಲೈನಲ್ಲಿ ಆಗುತ್ತದೆ. ಕೂಲರ್ ನಿಲ್ಲಿಸಿ ಏಸಿ ಹಾಕುವಾಗ ಕೂಲರ್ ಕೊಳವೆಗೆ ತಗಡಿನ ಅಡ್ಡಹಲಗೆ ಹಾಕಲು ಮರೆಯುತ್ತಾರೆ. ಏಸಿಯ ತಂಪೆಲ್ಲ ಆ ಕೊಳವೆಯಲ್ಲಿ ಹತ್ತಿ ಸೂರಿನಿಂದಾಚೆ ಹೋಗುತ್ತದೆ, ತಿಂಗಳ ಕೊನೆಗೆ ಬಿಲ್ಲು ಬಂದಾಗಲೇ ಗೊತ್ತಾಗುವುದು.

ಈಗ ಮಳೆಗೆ ಬರೋಣ. ಸರಾಸರಿ ನಂಬಿ ಕೂರುವ ಮಳೆಯಲ್ಲ ಇದು. 2020ರ ಮಾನ್ಸೂನ್‌ನಲ್ಲಿ ಬಿದ್ದದ್ದು ಬರೇ 1.62 ಇಂಚು. ಮರುವರ್ಷ 12.79 ಇಂಚು. ಅದರಲ್ಲೂ 2021ರ ಜುಲೈ ಒಂದರಲ್ಲೇ 8.06 ಇಂಚು, ಆ ಊರಿನ ದಾಖಲೆಯಲ್ಲೇ ಅತಿ ಹೆಚ್ಚು ಮಳೆ ಕಂಡ ತಿಂಗಳು. ಬಿದ್ದಾಗ ಹಿಡಿದುಕೊಳ್ಳಬೇಕು. ಬೆಂಗಳೂರಿನಲ್ಲಿ ಮಳೆಕೊಯ್ಲು ಎಂದರೆ ಸಂಪು, ಇಂಗುಗುಂಡಿ ನೆನಪಾಗುತ್ತದೆ. ಟೂಸಾನ್‌ನಲ್ಲಿ ಹೆಚ್ಚಾಗಿ ಮಾಡುವುದು ನಮ್ಮ ತೋಟದ ಪಾತಿಯನ್ನು. ಸೂರಿನ ನೀರನ್ನು ನೇರವಾಗಿ ಮರದ ಬೇರಿಗೆ ಕಳಿಸುವುದು. ಇದು ಸರಿಯಾದ ಆಯ್ಕೆ ಎಂದೇ ಹೇಳಬೇಕು. ಮಣ್ಣಿನಷ್ಟು ದೊಡ್ಡ ಟ್ಯಾಂಕು ಬೇರೆ ಇಲ್ಲ, ಅದಕ್ಕೆ ದುಡ್ಡೂ ಬೇಡ. ಮನೆಯ ಪಶ್ಚಿಮಕ್ಕೆ ಮರವೊಂದು ನೆರಳು ಕೊಟ್ಟರೆ ಏಸಿಯ ಕೆಲಸವೂ ಇಳಿಯುತ್ತದೆ.

1,000 ಚದರಡಿ ಸೂರಿನ ಮೇಲೆ ಒಂದಿಂಚು ಮಳೆ ಬಿದ್ದರೆ 623 ಗ್ಯಾಲನ್, ಹತ್ತಿರಹತ್ತಿರ 2,360 ಲೀಟರ್. ಇದಕ್ಕೆ 83 ಘನ ಅಡಿ ಜಾಗ ಬೇಕು. 10 ಅಡಿ ಉದ್ದ, 8 ಅಡಿ ಅಗಲ, ಒಂದಡಿ ಆಳದ ಪಾತಿ ಕಾಗದದ ಮೇಲೆ 80 ಘನ ಅಡಿ. ಆದರೆ ಅಂಚನ್ನು ಇಳಿಜಾರಾಗಿ ಕಡಿಯಲೇಬೇಕು, ನೆಟ್ಟಗೆ ಕಡಿದರೆ ಕುಸಿಯುತ್ತದೆ. ಇಳಿಜಾರಿನಿಂದ ಮೂರನೇ ಒಂದು ಪಾಲಿನಷ್ಟು ಜಾಗ ಕಡಿಮೆಯಾಗಬಹುದು. ಹಾಗಾಗಿ ಒಂದರ ಬದಲು ಎರಡು ಪಾತಿ, ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ. ಮನೆಯ ತಳಪಾಯದಿಂದ ಕನಿಷ್ಠ 10 ಅಡಿ ದೂರವಿರಲಿ.

ಗುದ್ದಲಿ ಹಾಕುವ ಮುಂಚೆ 811ಕ್ಕೆ ಫೋನ್ ಮಾಡಿ ನೆಲದಡಿಯ ಗ್ಯಾಸ್, ಕರೆಂಟ್ ಲೈನ್ ಗುರುತು ಹಾಕಿಸಿಕೊಳ್ಳಿ. ಇದಕ್ಕೆ ದುಡ್ಡಿಲ್ಲ, ಕೆಲಸಕ್ಕೆ ಎರಡು ಪೂರ್ತಿ ಕೆಲಸದ ದಿನ ಮುಂಚೆ ಹೇಳಿರಬೇಕು. ಆಮೇಲೆ ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. 24 ಗಂಟೆಯಲ್ಲಿ ಇಂಗದಿದ್ದರೆ ಕೆಳಗೆ ಕಲೀಚಿ ಇದೆ ಎಂದು ತಿಳಿಯಬೇಕು. ಕಲೀಚಿ ಎಂದರೆ ಸುಣ್ಣ ಕಟ್ಟಿ ಕಲ್ಲಾದ ಮಣ್ಣಿನ ಪದರ. ಗುದ್ದಲಿ ಬಿದ್ದರೆ ಠಣ್ಣೆನ್ನುತ್ತದೆ. ತೆಳು ಪದರವಾದರೆ ಹಾರೆಯಲ್ಲಿ ಒಡೆಯಬಹುದು, ದಪ್ಪವಾದರೆ ಜಾಗ ಬದಲಿಸುವುದೇ ವಾಸಿ. 24 ಗಂಟೆಯ ಗಡುವಿಗೆ ಕಾರಣ ಸೊಳ್ಳೆ. ಅಷ್ಟರೊಳಗೆ ಇಂಗಿದ ನೀರಿನಲ್ಲಿ ಮರಿ ಬೆಳೆಯಲಾರದು.

ಕೋಡಿಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಪಾತಿಯಿಂದ ನೀರು ಹೊರಬೀಳುವ ಬಾಯಿ, ಒಳಬರುವ ಬಾಯಿಗಿಂತ ತಗ್ಗಿನಲ್ಲಿರಬೇಕು. ಇಲ್ಲದಿದ್ದರೆ ತುಂಬಿದ ನೀರು ಬಂದ ದಾರಿಯಲ್ಲೇ ಮನೆಯ ಗೋಡೆಗೆ ತಿರುಗುತ್ತದೆ. ಕಣ್ಣಂದಾಜು ಬೇಡ, ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿಯಿರಿ. ನೀರು ಧುಮುಕುವ ಕಡೆ ಕಲ್ಲು ಹಾಸಿ, ಮಣ್ಣು ಕೊಚ್ಚಿ ಹೋಗದು. ಮಿಕ್ಕ ಕಡೆ ಮೂರು ನಾಲ್ಕು ಇಂಚು ಮರದ ಚಕ್ಕೆ ಹರಡಿ. ಜಲ್ಲಿಯ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸುವ ರೂಢಿಯನ್ನು ಮಾತ್ರ ಬಿಟ್ಟುಬಿಡಿ. ಕಳೆ ಬಾರದಿರಲಿ ಎಂದು ಹಾಸಿದ್ದು ನೀರನ್ನೂ ಇಳಿಯಗೊಡುವುದಿಲ್ಲ. ಈ ಮರುಭೂಮಿಯದೇ ಆದ ಮೆಸ್ಕೀಟ್ ಮರವನ್ನು ಪಾತಿಯ ತಳದಲ್ಲಲ್ಲ, ಅಂಚಿನ ಮೆಟ್ಟಿಲಿನಲ್ಲಿ ನೆಡಬೇಕು, ಬುಡ ಮುಳುಗಿದರೆ ಕೊಳೆಯುತ್ತದೆ. ಸವಾರೋ ಮುಂತಾದ ಕಳ್ಳಿಗೆ ಪಾತಿಯೇ ಬೇಡ, ಬದುವಿನ ಆಚೆ ಇರಲಿ.

ಟ್ಯಾಂಕು ಇಡುವವರು ಭಾರದ ಲೆಕ್ಕ ಮರೆಯಬಾರದು. 1,000 ಗ್ಯಾಲನ್ ನೀರು 3,780 ಕಿಲೋ ತೂಗುತ್ತದೆ, ದಮ್ಮಸ್ಸು ಮಾಡದ ನೆಲದಲ್ಲಿ ಟ್ಯಾಂಕು ವಾಲುತ್ತದೆ. ಊರಿನ ನೀರು ಇಲಾಖೆ ಈ ಕೆಲಸಗಳಿಗೆ ಗರಿಷ್ಠ 2,000 ಡಾಲರ್‌ವರೆಗೆ ಸಹಾಯಧನ ಕೊಡುತ್ತ ಬಂದಿದೆ. ಮೊದಲು ಅವರ ಕಾರ್ಯಾಗಾರಕ್ಕೆ ಹೋಗಿರಬೇಕು ಎಂಬ ನಿಯಮವಿದೆ. ಹೊಸ ವಾಣಿಜ್ಯ ಕಟ್ಟಡಗಳಾದರೆ 2010ರ ಜೂನ್‌ನಿಂದ ತೋಟಕ್ಕೆ ಬೇಕಾದ ನೀರಿನ ಅರ್ಧವನ್ನು ಮಳೆಯಿಂದಲೇ ಹೊಂದಿಸಿಕೊಳ್ಳಬೇಕು.

ಹಿಡಿಯದೆ ಬಿಟ್ಟ ನೀರು ಎಲ್ಲಿಗೆ ಹೋಗುತ್ತದೆ? ಬೀದಿಗೆ, ಬೀದಿಯಿಂದ ಹಳ್ಳಕ್ಕೆ. ಅಲ್ಲಿ ಹಳ್ಳಕ್ಕೆ ವಾಶ್ ಎನ್ನುತ್ತಾರೆ. ವರ್ಷದ ಹೆಚ್ಚು ದಿನ ಬರೀ ಮರಳು. ಎಷ್ಟೋ ರಸ್ತೆಗಳು ಸೇತುವೆಯಿಲ್ಲದೆ ಹಳ್ಳಕ್ಕೇ ಇಳಿದು ಆಚೆ ಹತ್ತುತ್ತವೆ, ನೀರಿದ್ದಾಗ ಇಳಿಯಬೇಡಿ ಎಂಬ ಫಲಕವೂ ಅಲ್ಲೇ ಇರುತ್ತದೆ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಉತ್ತರದ ಕ್ಯಾಟಲೀನಾ ಬೆಟ್ಟದಲ್ಲಿ ಸುರಿದ ಮಳೆ ಆಮೇಲೆ ಹಳ್ಳ ತುಂಬಿಕೊಂಡು ಬರುತ್ತದೆ. 2020ರ ಜೂನ್‌ನಲ್ಲಿ ಸಿಡಿಲಿನಿಂದ ಹೊತ್ತಿದ ಕಾಡ್ಗಿಚ್ಚು ಆ ಬೆಟ್ಟದಲ್ಲಿ ಸುಮಾರು 1,20,000 ಎಕರೆ ಸುಟ್ಟಿತು. ಸುಟ್ಟ ನೆಲ ನೀರು ಹೀರದು, ಹರಿದು ಬರುವ ನೀರು ಬೂದಿ, ಬೊಡ್ಡೆ, ಬಂಡೆಗಳನ್ನೂ ಹೊತ್ತು ತರುತ್ತದೆ. ಆರಿಂಚು ನೀರಿಗೇ ಕಾರು ಹತೋಟಿ ತಪ್ಪಬಹುದು. ಒಂದಡಿ ನೀರು ಬಹಳಷ್ಟು ಕಾರುಗಳನ್ನು ತೇಲಿಸುತ್ತದೆ. ಎರಡಡಿ ರಭಸದ ನೀರು ದೊಡ್ಡ ಗಾಡಿಯನ್ನೂ ಎಳೆದೊಯ್ಯುತ್ತದೆ. ಅಡ್ಡಗಟ್ಟಿದ್ದನ್ನು ಬಳಸಿಕೊಂಡು ಇಳಿದು ಸಿಕ್ಕಿಕೊಂಡರೆ, 1995ರ ರಾಜ್ಯ ಕಾನೂನಿನಂತೆ ಪಾರು ಮಾಡಿದ ಖರ್ಚನ್ನು 2,000 ಡಾಲರ್‌ವರೆಗೆ ನಿಮ್ಮಿಂದಲೇ ವಸೂಲಿ ಮಾಡಬಹುದು. ನೀರು ಇಳಿಯಲು ಸಾಮಾನ್ಯವಾಗಿ ಗಂಟೆ, ಎರಡು ಗಂಟೆ ಸಾಕು. ದಯವಿಟ್ಟು ಕಾಯಿರಿ.

ಫೀನಿಕ್ಸ್‌ಗೆ ಹೋಗುವ ಹೆದ್ದಾರಿಯಲ್ಲಿ ಧೂಳಿನ ಗೋಡೆ ಎದುರಾದರೆ ರಸ್ತೆಯಿಂದ ಪೂರ್ತಿ ಹೊರಗೆ ನಿಲ್ಲಿಸಿ, ಎಲ್ಲ ದೀಪ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಕಾಲನ್ನು ಬ್ರೇಕಿನಿಂದ ತೆಗೆಯಿರಿ. ದೀಪ ಏಕೆ ಆರಿಸಬೇಕೆಂದರೆ, ಹಿಂದಿನವರು ನಿಮ್ಮ ಕೆಂಪು ದೀಪವನ್ನು ನೋಡಿ ಅದೇ ರಸ್ತೆ ಎಂದುಕೊಂಡು ಬಂದು ಗುದ್ದುತ್ತಾರೆ.

ಇನ್ನು ನಲ್ಲಿಯ ನೀರು. ಅದು ಕೊಲರಾಡೋ ನದಿಯದು. ಆ ನದಿಗೆ ಕಟ್ಟಿದ ಹವಾಸು ಸರೋವರದಿಂದ 336 ಮೈಲಿ ಕಾಲುವೆಯಲ್ಲಿ, ಸುಮಾರು 2,900 ಅಡಿ ಮೇಲಕ್ಕೆ ಪಂಪಾಗಿ ಬರುತ್ತದೆ. 1992ರ ನವೆಂಬರ್‌ನಲ್ಲಿ ಈ ನೀರನ್ನು ಶುದ್ಧೀಕರಿಸಿ ನೇರವಾಗಿ ಊರಿನ ಅರ್ಧದಷ್ಟು ಮನೆಗಳಿಗೆ ಬಿಟ್ಟಾಗ ನಲ್ಲಿಯಲ್ಲಿ ಕಂದು ನೀರು ಬಂತು. ದಶಕಗಳ ಕಾಲ ಅಂತರ್ಜಲ ಹರಿದ ಕಬ್ಬಿಣದ ಪೈಪಿನೊಳಗೆ ಒಂದು ಪದರ ಕೂತಿತ್ತು. ಬೇರೆ ಗುಣದ ಹೊಸ ನೀರು ಅದನ್ನು ಕಳಚಿ, ತುಕ್ಕನ್ನೆಲ್ಲ ಎಬ್ಬಿಸಿತು. ಪೈಪು ಒಡೆದವು, ವಾಟರ್ ಹೀಟರ್ ಹಾಳಾದವು. 1994ರಲ್ಲಿ ನಿಲ್ಲಿಸಿದರು. 1995ರಲ್ಲಿ ಮತದಾರರೇ ನೇರ ಪೂರೈಕೆಗೆ ಕಡಿವಾಣ ಹಾಕಿದರು. ಆಮೇಲೆ ಕಂಡುಕೊಂಡ ದಾರಿ ಬಲು ಚೆಂದ. ಊರಿನ ಪಶ್ಚಿಮಕ್ಕೆ ಏವ್ರಾ ಕಣಿವೆಯಲ್ಲಿ ದೊಡ್ಡ ಹೊಂಡಗಳಲ್ಲಿ ನದಿನೀರು ನಿಲ್ಲಿಸಿ ಇಂಗಿಸುತ್ತಾರೆ. ಅಂತರ್ಜಲದೊಡನೆ ಬೆರೆತ ನೀರನ್ನು ಮತ್ತೆ ಮೇಲೆತ್ತುತ್ತಾರೆ. 2001ರ ಮೇ ತಿಂಗಳಿಂದ ಮನೆಗಳಿಗೆ ಬರುತ್ತಿರುವುದು ಈ ಬೆರಕೆ ನೀರು.

ಇದನ್ನೆಲ್ಲ ನೋಡಿದ ಜನ ನೀರಿನ ಮಾತು ಬಂದರೆ ಸುಮ್ಮನಿರುವುದಿಲ್ಲ. 2025ರಲ್ಲಿ ಊರಿನ ಅಂಚಿನಲ್ಲಿ ಭಾರಿ ಡೇಟಾ ಸೆಂಟರ್, ಅಂದರೆ ತಂಪಾಗಿಡಲು ನೀರು ಬೇಡುವ ಕಂಪ್ಯೂಟರ್‌ಗಳ ದೊಡ್ಡ ಕಟ್ಟಡ, ಬರುವ ಪ್ರಸ್ತಾಪವಾಯಿತು. ಆ ಜಮೀನನ್ನು ನಗರದೊಳಗೆ ಸೇರಿಸಿಕೊಂಡರೆ ನಗರದ ನೀರು ಕೊಡಬೇಕಾಗುತ್ತಿತ್ತು. ವಿರೋಧಿಸಿದ ಜನರಿಂದ ಸಭೆಗಳು ಕಿಕ್ಕಿರಿದವು. ಆಗಸ್ಟ್ 6ರಂದು ನಗರಸಭೆ ಒಕ್ಕೊರಲಿನಿಂದ ಬೇಡವೆಂದಿತು.

ಕೊನೆಯದಾಗಿ ಮನೆಯ ಬಿಲ್ಲು. ಅದರಲ್ಲಿ ಬರೆದಿರುವ ಒಂದು ಯೂನಿಟ್ ಎಂದರೆ ನೂರು ಘನ ಅಡಿ, ಅಂದರೆ 748 ಗ್ಯಾಲನ್. ಬಳಕೆ ಹೆಚ್ಚಿದಂತೆ ದರವೂ ಏರುತ್ತದೆ. ಏಕಾಏಕಿ ಎರಡು ಮೂರು ಯೂನಿಟ್ ಜಾಸ್ತಿ ಬಂದಿದ್ದರೆ ಎಲ್ಲ ನಲ್ಲಿ ನಿಲ್ಲಿಸಿ, ಕೂಲರ್‌ಗೆ ಹೋಗುವ ಕವಾಟವನ್ನೂ ಮುಚ್ಚಿ, ಬೀದಿಬದಿಯ ಮೀಟರಿನ ಮುಚ್ಚಳ ಎತ್ತಿ ನೋಡಿ. ಬರಿಗೈ ಹಾಕಬೇಡಿ, ಅಲ್ಲಿ ಚೇಳು ಇರಬಹುದು, ಉದ್ದನೆಯ ಸ್ಕ್ರೂಡ್ರೈವರ್ ಬಳಸಿ. ಮೀಟರಿನ ಮುಖದ ಮೇಲಿನ ಪುಟ್ಟ ತ್ರಿಕೋನ ತಿರುಗುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ. ಮೊದಲು ನೋಡಬೇಕಾದ್ದು ಕಕ್ಕಸಿನ ಫ್ಲಶ್ ತೊಟ್ಟಿ. ತೊಟ್ಟಿಗೆ ನಾಲ್ಕು ಹನಿ ಅಡುಗೆ ಬಣ್ಣ ಹಾಕಿ, ಕಾಲು ಗಂಟೆ ಫ್ಲಶ್ ಮಾಡದೆ ಬಿಡಿ. ಕೆಳಗಿನ ಬೋಗುಣಿಯಲ್ಲಿ ಬಣ್ಣ ಕಂಡರೆ ರಬ್ಬರ್ ಮುಚ್ಚಳ ಹೋಗಿದೆ. ಕೆಲವೇ ಡಾಲರ್‌ನ ಮಾಲು, ಕೈಯಲ್ಲೇ ಬದಲಿಸಬಹುದು. ಬಣ್ಣ ಕಾಣದಿದ್ದರೆ ಮುಂದಿನ ಅನುಮಾನ ತೋಟದ ಹನಿ ನೀರಾವರಿಯ ಕವಾಟ, ಅದರ ಪೆಟ್ಟಿಗೆಯೊಳಗಿನ ಮಣ್ಣು ಒದ್ದೆಯಿದೆಯೇ ಎಂದು ಮುಟ್ಟಿ ನೋಡಿ.

ನಮಸ್ಕಾರ.