ಜಾಥಾ ಮುಗಿದ ಮೇಲಿನ ಮಂಗಳವಾರ

ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ. ಅವತ್ತು ನಮ್ಮ ತಾಲ್ಲೂಕು ಊರುಗಳಲ್ಲಿ ಏನು ನಡೆಯುತ್ತೆ ಅಂತ ನಿಮಗೆ ಗೊತ್ತೇ ಇದೆ. ಬಿಸಿಲಲ್ಲಿ ಶಾಲಾ ಮಕ್ಕಳ ಜಾಥಾ. ಆಮೇಲೆ ದೀಪ, ಹಾರ, ಶಾಲು, ಸಾಲಾಗಿ ಕೂತ ಗಣ್ಯರ ಭಾಷಣ. ಮನೋವೈದ್ಯರ ಕೈಗೆ ಮೈಕ್ ಬರೋ ಹೊತ್ತಿಗೆ ಊಟದ ಸಮಯ ಆಗಿರುತ್ತೆ. ಇದನ್ನ ಮಾಡೋರ ಕಾಳಜಿ ನಿಜವಾದದ್ದೇ. ಆದರೆ ಕಾರ್ಯಕ್ರಮ ಗೆದ್ದಿತಾ ಇಲ್ವಾ ಅಂತ ನೋಡಬೇಕಾದ್ದು ಅದಾದ ಮೇಲಿನ ಮಂಗಳವಾರ.

ಮಂಗಳವಾರವೇ ಯಾಕೆ? ಕರ್ನಾಟಕದಲ್ಲಿ ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ ಇದೆ. ಗೊತ್ತುಮಾಡಿದ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬಂದು ನೋಡ್ತಾರೆ. ಇದರ ಬೇರು ಬಳ್ಳಾರಿಯಲ್ಲಿದೆ. 1980ರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮನೆ ಹತ್ತಿರವೇ ಚಿಕಿತ್ಸೆ ಸಾಧ್ಯ ಅಂತ ತೋರಿಸಿದ್ರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ಹಾಗಾಗಿ ನೀವು ಮಾನಸಿಕ ಆರೋಗ್ಯದ ಜಾಗೃತಿ ಕಾರ್ಯಕ್ರಮ ಮಾಡೋದಾದ್ರೆ, ದಿನಾಂಕ ಗೊತ್ತುಮಾಡೋಕೆ ಮೊದಲು ಆಸ್ಪತ್ರೆಗೆ ಹೋಗಿ, ನಿಮ್ಮ ತಾಲ್ಲೂಕಿನ ಸರದಿ ಯಾವ ಮಂಗಳವಾರ ಅಂತ ಕೇಳಿ. ಅದರ ಹಿಂದಿನ ಭಾನುವಾರ ಸಂಜೆ ಕಾರ್ಯಕ್ರಮ ಇಟ್ಕೊಳ್ಳಿ. ಕೇಳಿದವರಿಗೆ ಹುಟ್ಟಿದ ಧೈರ್ಯ ಎರಡು ದಿನ ಉಳಿಯುತ್ತೆ, ಒಂದು ತಿಂಗಳು ಉಳಿಯಲ್ಲ.

ಈಗ ವೇದಿಕೆಗೆ ಬರೋಣ. ಮಾನಸಿಕ ಕಾಯಿಲೆ ಇದ್ದವರಿಗೆ ಸಮಾಜ ಅಂಟಿಸೋ ಕಳಂಕ ಕಡಿಮೆ ಮಾಡೋಕೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡೋದು ಕಾಯಿಲೆ ಅನುಭವಿಸಿದವರ ಜೊತೆಗಿನ ಒಡನಾಟ ಅಂತ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗದ 2022ರ ವರದಿ ಹೇಳಿದೆ. ಅಂದ್ರೆ ನಿಮ್ಮ ಕಾರ್ಯಕ್ರಮದ ಜೀವ, ಗುಣವಾಗಿ ಕೆಲಸ ಮಾಡ್ಕೊಂಡಿರೋ ಒಬ್ಬ ಮನುಷ್ಯ ಮಾತಾಡೋ ಹನ್ನೆರಡು ನಿಮಿಷ. ಅವರು ಗಾರೆ ಕೆಲಸದವರೋ ಅಂಗನವಾಡಿ ಟೀಚರೋ ಆಗಿದ್ರೆ ಕೇಳೋರಿಗೆ ತಮ್ಮವರು ಅನ್ನಿಸುತ್ತೆ. ಮನೆಯಲ್ಲಿ ಮೊದಲು ಗಾಳಿ ಸೋಕಿದೆ ಅಂದಿದ್ದು, ಮಾತ್ರೆ ತಗೊಂಡಾಗ ಶುರುವಿನಲ್ಲಿ ನಿದ್ದೆ ಜಾಸ್ತಿ ಆಗಿದ್ದು, ಈಗ ದಿನ ಹೇಗೆ ಹೋಗುತ್ತೆ ಅನ್ನೋದು, ಇಷ್ಟು ಸಾಕು.

ಆದರೆ ಅವರನ್ನ ಹಿಂದಿನ ದಿನ ಫೋನ್ ಮಾಡಿ ಕರೆದು ಮೈಕ್ ಮುಂದೆ ನಿಲ್ಲಿಸೋದು ಅನ್ಯಾಯ. ಮೊದಲೇ ಎರಡು ಮೂರು ಸಲ ಕೂತು ಮಾತಾಡಿ. ಯಾವುದನ್ನ ಹೇಳಬಾರದು ಅಂತ ಅವರೇ ತೀರ್ಮಾನಿಸಲಿ. ಮನೆಯವರನ್ನೂ ಕೇಳಿ; ತಂಗಿ ಮದುವೆ ಮಾತುಕತೆ ನಡೀತಿದ್ರೆ ಅದು ಸಣ್ಣ ವಿಷಯ ಅಲ್ಲ. ಅವತ್ತು ಬೆಳಿಗ್ಗೆ ಬೇಡ ಅನ್ನಿಸಿದ್ರೂ ಬಿಟ್ಟುಬಿಡೋ ಹಕ್ಕು ಅವರಿಗಿದೆ, ಅದಕ್ಕೆ ಇನ್ನೊಬ್ಬರನ್ನ ಸಿದ್ಧ ಇಟ್ಕೊಳ್ಳಿ. ಬಸ್ ಚಾರ್ಜು, ಅವತ್ತಿನ ಕೂಲಿ ಎರಡನ್ನೂ ಕೊಡಿ. ಫೋಟೊ, ವಿಡಿಯೊ ಬೇಡ. ವಾಟ್ಸ್ಆ್ಯಪ್ ಗ್ರೂಪಿಗೆ ಹೋದದ್ದು ವಾಪಸ್ ಬರಲ್ಲ.

ಬೀದಿ ನಾಟಕ ಮಾಡ್ತೀರಾ? ತಾಲೀಮಿಗೆ ಹೋಗಿ ನೋಡಿ. ಹರಿದ ಬಟ್ಟೆ, ಕೆದರಿದ ತಲೆ, ತನ್ನಷ್ಟಕ್ಕೆ ನಗೋ ಪಾತ್ರ ಬಂದ ಕೂಡಲೇ ಜನ ನಗ್ತಾರೆ. ಕೊನೆಯಲ್ಲಿ ಎಷ್ಟೇ ಒಳ್ಳೆ ಸಂದೇಶ ಹೇಳಿದ್ರೂ ಮನೆಗೆ ಹೋಗೋದು ಆ ನಗುವೇ.

ಎಲ್ಲಕ್ಕಿಂತ ಹೆಚ್ಚು ಎಡವೋದು ತಪಾಸಣೆ ಮೇಜಿನ ಹತ್ತಿರ. "ಮಾನಸಿಕ ರೋಗಿಗಳ ತಪಾಸಣೆ" ಅಂತ ಬ್ಯಾನರ್ ಕಟ್ಟಿ ಶಾಮಿಯಾನದ ನಡುವೆ ಮೇಜು ಹಾಕಿದ್ರೆ ಯಾರು ಬರ್ತಾರೆ ಹೇಳಿ? ಬಿಪಿ, ಶುಗರ್ ನೋಡೋ ಸಾಲಿನ ಕೊನೆಗೆ ಅದನ್ನ ಸೇರಿಸಿ. ಪರದೆ ಕಟ್ಟಿ, ಎರಡು ಕುರ್ಚಿ ಓರೆಯಾಗಿ ಹಾಕಿ, ಕೂತವರ ಬೆನ್ನು ಜನರ ಕಡೆ ಇರಲಿ. ಮೊದಲ ಪ್ರಶ್ನೆ "ನಿದ್ದೆ ಚೆನ್ನಾಗಿ ಬರ್ತಿದೆಯಾ ಅಮ್ಮಾ?" ಅಂತ ಇದ್ರೆ ಉಳಿದ ಮಾತು ತಾನಾಗೇ ಬರುತ್ತೆ. ಮೈಕಿನಲ್ಲಿ ಹೆಸರು ಕೂಗಬೇಡಿ. ಮತ್ತೆ ಆ ಕರಪತ್ರ! ದಪ್ಪಕ್ಷರದಲ್ಲಿ "ಮಾನಸಿಕ ರೋಗ" ಅಂತಿರೋ ದೊಡ್ಡ ಹಾಳೆಯನ್ನ ಯಾವ ಸೊಸೆಯೂ ಮನೆಗೆ ಒಯ್ಯಲ್ಲ. ಬಸ್ ಟಿಕೆಟ್ ಅಷ್ಟಗಲದ ಚೀಟಿ ಸಾಕು. ಅದರ ಮೇಲೆ ಮಂಗಳವಾರದ ದಿನಾಂಕ, ಆಸ್ಪತ್ರೆಯ ಕೋಣೆ ಸಂಖ್ಯೆ, ಟೆಲಿ ಮಾನಸ್‌ನ 14416 ಇರಲಿ. 2022ರಲ್ಲಿ ಶುರುವಾದ ಆ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದ್ರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆಗಳನ್ನೂ ಹೆಸರಿಲ್ಲದ ಚೀಟಿಯಲ್ಲಿ ಬರೆಸಿ ಡಬ್ಬಿಗೆ ಹಾಕಿಸಿ. ಬರೆಯೋಕೆ ಬಾರದವರಿಗೆ ಆಶಾ ಕಾರ್ಯಕರ್ತೆ ಬರೆದುಕೊಡಲಿ. ಮದುವೆ ಮಾಡಿದ್ರೆ ಸರಿಹೋಗುತ್ತಾ ಅಂತ ಕೇಳ್ತಾರೆ. ಇಲ್ಲ, ಅಂತ ಸ್ಪಷ್ಟವಾಗಿ ಹೇಳಿ. ಜೀವಮಾನವಿಡೀ ಮಾತ್ರೆನಾ ಅಂತ ಕೇಳ್ತಾರೆ. ಮೊದಲ ಸಲದ ಖಿನ್ನತೆಗೆ ಸಾಮಾನ್ಯವಾಗಿ ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸ್ತಾರೆ, ಕೆಲವು ಕಾಯಿಲೆಗೆ ವರ್ಷಗಟ್ಟಲೆ ಬೇಕಾಗುತ್ತೆ. ವೈದ್ಯರನ್ನ ಕೇಳದೆ ನಿಲ್ಲಿಸೋದೇ ಅಪಾಯ. ಸಾಯೋಕೆ ಹೋಗಿ ಉಳಿದವರ ಮೇಲೆ ಕೇಸ್ ಆಗುತ್ತಾ ಅಂತಲೂ ಕೇಳ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನ ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡುತ್ತೆ, ಆರೈಕೆಯ ಹೊಣೆಯನ್ನ ಸರ್ಕಾರಕ್ಕೆ ಕೊಡುತ್ತೆ. ಆದರೆ ವೇದಿಕೆಯಿಂದ ಯಾರೂ ಸಾಯೋ ವಿಧಾನವನ್ನ ವರ್ಣಿಸಬಾರದು. ಭಾಷಣಕಾರರಿಗೆ ಇದನ್ನ ಮೊದಲೇ ಹೇಳಿ.

ದೇವಸ್ಥಾನ, ದರ್ಗಾಗೆ ಹೋಗೋರನ್ನ ಬೈಯಬೇಡಿ. ಹರಕೆನೂ ತೀರಿಸಿ, ಮಾತ್ರೆನೂ ತಗೊಳ್ಳಿ ಅಂದ್ರೆ ಕೇಳ್ತಾರೆ.

ಮಂಗಳವಾರ ಹೊರರೋಗಿ ರಿಜಿಸ್ಟರ್‌ನಲ್ಲಿ ಹೊಸಬರು ಎಷ್ಟು ಜನ ಅಂತ ಕೇಳಿ, ಹೆಸರು ಬೇಡ, ಸಂಖ್ಯೆ ಸಾಕು. ಹಿಂದಿನ ಮೂರು ತಿಂಗಳ ಸಂಖ್ಯೆಯ ಪಕ್ಕ ಬರೆದಿಡಿ. ಮಾತಾಡಿದ ಆ ಮನುಷ್ಯನಿಗೆ ಮಾರನೇ ದಿನ ಒಂದು, ವಾರ ಬಿಟ್ಟು ಇನ್ನೊಂದು ಫೋನ್ ಹೋಗಬೇಕು. ಊರಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ, ರಾತ್ರಿ ನಿದ್ದೆ ಬಂತಾ ಅಂತ ಕೇಳೋಕೆ. ಆ ಫೋನ್ ಮಾಡೋರು ಯಾರು ಅನ್ನೋದು ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗೋ ಮೊದಲೇ ತೀರ್ಮಾನ ಆಗಿರಲಿ.