ಹೊಸ್ತಿಲಿಲ್ಲದ ಬಚ್ಚಲು

ಈ ಹಳೆಯ ಫೋಟೋದಲ್ಲಿರುವುದು ದಾವಣಗೆರೆಯ ನಿಟ್ಟುವಳ್ಳಿಯಲ್ಲಿರುವ ನಮ್ಮ ಮನೆಯ ಬಚ್ಚಲ ಬಾಗಿಲು. ಚೌಕಟ್ಟು ಕಳೆದರೆ ಅಗಲ 62 ಸೆಂ.ಮೀ. ನನ್ನ ಗಾಲಿಕುರ್ಚಿ 65. ಮೂರೇ ಮೂರು ಸೆಂಟಿಮೀಟರಿಗೆ ಆರು ವರ್ಷ ಅವ್ವ ನನ್ನನ್ನು ಇಲ್ಲಿ ಪ್ಲಾಸ್ಟಿಕ್ ಕುರ್ಚಿಗೆ ದಾಟಿಸಿ, ಒಳಗೆ ಎಳೆದುಕೊಂಡು ಹೋಗಿದ್ದಾಳೆ. ಅವಳ ಸೊಂಟ ಹಿಡಿದುಕೊಂಡ ಮೇಲೆಯೇ ನಮಗೆ ಬುದ್ಧಿ ಬಂದದ್ದು.

ಬಚ್ಚಲನ್ನು ಗಾಲಿಕುರ್ಚಿಗೆ ಹೊಂದುವಂತೆ ಬದಲಿಸುವ ಕೆಲಸದ ಮೊದಲ ದಿನವೇ ಮೇಸ್ತ್ರಿಗೂ ನನಗೂ ಹೊಸ್ತಿಲ ವಿಷಯಕ್ಕೆ ಜಗಳ. "ಹೊಸ್ತಿಲು ತೆಗೆದರೆ ನೀರೆಲ್ಲ ನಡುಮನೆಗೆ ಬರುತ್ತದಕ್ಕಾ" ಎಂದರು. ಅವರ ಮಾತೂ ಸುಳ್ಳಲ್ಲ. ಕೊನೆಗೆ ನೆಲವನ್ನೇ ಅಗೆದು ತಗ್ಗಿಸಿದೆವು. ಬಾಗಿಲಿನಿಂದ ಎದುರು ಗೋಡೆಯವರೆಗೆ ಐವತ್ತು ಸೆಂಟಿಮೀಟರಿಗೆ ಒಂದು ಸೆಂಟಿಮೀಟರಿನಂತೆ ಇಳಿಜಾರು. ಗೋಡೆಯುದ್ದಕ್ಕೂ ಜಾಲರಿ ಮುಚ್ಚಿದ ಸಣ್ಣ ಕಾಲುವೆ. ಇಳಿಜಾರು ಇದಕ್ಕಿಂತ ಹೆಚ್ಚಾದರೆ ಕುರ್ಚಿ ತಾನೇ ಹೊರಡುತ್ತದೆ. ನೋಡಿ, ಮೇಸ್ತ್ರಿ ಬಾಗಿಲಲ್ಲಿ ಒಂದು ಬಕೆಟ್ ನೀರು ಸುರಿದು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. ನೀರು ಒಂದು ಕ್ಷಣ ಯೋಚಿಸಿತು. ಆಮೇಲೆ ಒಳಗೆ ಹೋಯಿತು. ಅವರು ನನ್ನ ಕಡೆ ತಿರುಗಲೇ ಇಲ್ಲ.

ಅಂಗಳದಲ್ಲಿ ಸೀಮೆಸುಣ್ಣದ ಈ ವೃತ್ತ ಬರೆದದ್ದು ಕುರ್ಚಿಯಲ್ಲಿ ಸುತ್ತು ಹಾಕಿ ನೋಡಲು. ಅಡ್ಡಳತೆ 150 ಸೆಂ.ಮೀ., ಅಂದರೆ ಸುಮಾರು ಐದು ಅಡಿ. ಅಷ್ಟು ಜಾಗಕ್ಕಾಗಿ ಪಕ್ಕದ ಉಗ್ರಾಣದ ಗೋಡೆ ಒಡೆಸಿದೆವು. ಉಪ್ಪಿನಕಾಯಿ ಜಾಡಿಗಳು ಈಗ ನನ್ನ ಮಂಚದ ಕೆಳಗಿವೆ. ಬಾಗಿಲು 90 ಸೆಂ.ಮೀ., ಪಕ್ಕಕ್ಕೆ ಸರಿಯುವಂಥದ್ದು. ಒಳಕ್ಕೆ ತೆರೆಯುವ ಬಾಗಿಲು ಮಾತ್ರ ಬೇಡ. ನಾನು ಒಳಗೆ ಬಿದ್ದರೆ ನನ್ನ ಮೈಯೇ ಅದಕ್ಕೆ ಅಡ್ಡವಾಗುತ್ತದೆ.

ಕಮೋಡ್ ಗೋಡೆಗೆ ಕೂರಿಸುವಂಥದ್ದು, ಎತ್ತರ ನಮಗೆ ಬೇಕಾದಷ್ಟು ಇಟ್ಟುಕೊಳ್ಳಬಹುದು. ನನ್ನ ಕುರ್ಚಿಯ ದಿಂಬಿನ ಮಟ್ಟಕ್ಕೇ, 48 ಸೆಂ.ಮೀ.ಗೆ ಇಡಿಸಿದೆ. ತಗ್ಗಿಗೆ ಜಾರುವುದು ಸುಲಭ, ಮರಳಿ ಹತ್ತುವಾಗ ತೋಳು ಸೋಲುತ್ತದೆ. ಪಕ್ಕದ ಹಿಡಿಕೆಯ ವಿಷಯದಲ್ಲಿ ಅಂಗಡಿಯವರನ್ನು ನಂಬಬೇಡಿ. ನನಗೆ ತೋರಿಸಿದ್ದು ಟವೆಲ್ ಹಾಕುವ ಕೊಳವೆ. ಅದರ ಮೇಲೆ ಮೈಭಾರ ಬಿಟ್ಟರೆ ಟೈಲ್ಸ್ ಸಮೇತ ಕಿತ್ತು ಬರುತ್ತದೆ. ನಮ್ಮದನ್ನು ಟೈಲ್ಸ್ ದಾಟಿ ಇಟ್ಟಿಗೆಯೊಳಗೆ ಬೋಲ್ಟ್ ಹಾಕಿ ಬಿಗಿದಿದೆ. ಮೊದಲು ಜೋತುಬಿದ್ದು ಪರೀಕ್ಷಿಸಿದವರು ಎಂಬತ್ತೈದು ಕಿಲೋದ ನಮ್ಮ ಸೋದರಮಾವ.

ಬಿಸಿನೀರಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಬೆನ್ನುಹುರಿಗೆ ಪೆಟ್ಟಾದ ಮೇಲೆ ಸೊಂಟದ ಕೆಳಗೆ ನನಗೆ ಬಿಸಿ, ತಂಪು ಎರಡೂ ತಿಳಿಯುವುದಿಲ್ಲ. ಕಾಲು ಸುಟ್ಟದ್ದು ಗೊತ್ತಾಗುವುದು ಬೊಬ್ಬೆ ಕಂಡಾಗಲೇ. ಅದಕ್ಕೇ ಬೇಸಿನ್ ಕೆಳಗೆ, ಮೊಣಕಾಲು ತೂರುವ ಜಾಗದಲ್ಲಿ, ಬಿಸಿನೀರಿನ ಪೈಪಿಗೆ ಮಂದವಾದ ಹೊದಿಕೆ ಸುತ್ತಿಸಿದ್ದೇನೆ. ಸ್ನಾನದ ನಲ್ಲಿ ತಿರುವುವ ಹಿಡಿ ನೀರು ಬೀಳುವ ಜಾಗದಲ್ಲಿಲ್ಲ, ಕೈಗೆ ಸಿಗುವಂತೆ ಪಕ್ಕದ ಗೋಡೆಯಲ್ಲಿದೆ. ಮೊದಲು ಮುಂಗೈ, ಆಮೇಲೆ ಕಾಲು. ನಮ್ಮೂರಿನ ಏಪ್ರಿಲ್‌ನಲ್ಲಂತೂ ಛಾವಣಿಯ ಟ್ಯಾಂಕ್ ಕಾದು ತಣ್ಣೀರಿನ ನಲ್ಲಿಯಲ್ಲೇ ಬಿಸಿನೀರು ಬರುತ್ತದೆ.

ಕನ್ನಡಿಯನ್ನು ಕೆಳಕ್ಕೆ ಇಳಿಸಿದೆವು. ಆರು ವರ್ಷ ಅದರಲ್ಲಿ ನನಗೆ ಕಂಡದ್ದು ಬಲ್ಬ್ ಮಾತ್ರ. ಸೋಪಿನ ತಟ್ಟೆ ಇನ್ನೂ ಮೇಲೆಯೇ ಇದೆ, ಮರೆತುಬಿಟ್ಟೆವು. ಮೇಸ್ತ್ರಿ ಭಾನುವಾರ ಬರುತ್ತೇನೆ ಎಂದಿದ್ದಾರೆ, ಯಾವ ಭಾನುವಾರವೋ.

ಚಿಲಕ ಒಳಗಿದೆ. ತುರ್ತಿಗೆ ಹೊರಗಿನಿಂದ ನಾಣ್ಯ ತಿರುವಿಯೂ ತೆಗೆಯಬಹುದು. ಅವ್ವ ಸೀರೆಯ ಸೆರಗಿನಲ್ಲಿ ಎರಡು ರೂಪಾಯಿ ಗಂಟು ಹಾಕಿಕೊಂಡು ಓಡಾಡುತ್ತಿದ್ದಾಳೆ. ಕ್ಯಾಮೆರಾ ಇಲ್ಲೇ ಹೊರಗಿರಲಿ. ನಾನು ಸ್ನಾನ ಮಾಡಿ ಬರುತ್ತೇನೆ.