ಮಿಸ್ಟ್ ಆಡುವುದೋ, ರಿವೆನ್ ಆಡುವುದೋ?

ಕೇಳುಗರೆ, ಹಳೆಯ ಕಂಪ್ಯೂಟರ್ ಸಾಹಸ ಆಟಗಳ ಮಾತು ಬಂದಾಗಲೆಲ್ಲ ಜೊತೆಜೊತೆಯಾಗಿ ಕೇಳಿಬರುವ ಹೆಸರುಗಳು ಎರಡು: ಮಿಸ್ಟ್ ಮತ್ತು ಅದರ ಮುಂದಿನ ಕಥೆಯಾದ ರಿವೆನ್. ಒಂದನ್ನು ಆಡುವಷ್ಟು ಮಾತ್ರ ಬಿಡುವಿದೆ ಎನ್ನುವವರಿಗೆ ನಾನು ಹೇಳುವುದು ರಿವೆನ್ ಅನ್ನು. ಮಿಸ್ಟ್ ಕಡಿಮೆಯದ್ದೆಂದು ಇದರ ಅರ್ಥವಲ್ಲ.

1993ರಲ್ಲಿ ಮಿಸ್ಟ್ ಅನ್ನು ಹೊರತಂದವರು ರ‍್ಯಾಂಡ್ ಮಿಲ್ಲರ್ ಮತ್ತು ರಾಬಿನ್ ಮಿಲ್ಲರ್ ಎಂಬ ಅಣ್ಣತಮ್ಮಂದಿರು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಊರಿನ ಸುತ್ತಮುತ್ತ ಇದ್ದ ಅವರ ಸಂಸ್ಥೆ ಸಯಾನ್ ಆಗ ಬಹಳ ಚಿಕ್ಕದು. ಗುಂಡು ಹಾರಿಸುವ ಆಟಗಳ ಅಬ್ಬರದ ನಡುವೆ ಅವರು ಕೊಟ್ಟದ್ದು ಜನರಿಲ್ಲದ ಒಂದು ದ್ವೀಪ. ಅಲ್ಲಿ ಯಾರೂ ಬೆನ್ನಟ್ಟುವುದಿಲ್ಲ, ಸಮಯದ ಗಡುವಿಲ್ಲ. ಗ್ರಂಥಾಲಯದಲ್ಲಿ ಒಂದು ಕೆಂಪು ಪುಸ್ತಕ, ಒಂದು ನೀಲಿ ಪುಸ್ತಕ. ಒಂದೊಂದರೊಳಗೂ ಸೆರೆಯಾದ ಒಬ್ಬ ಸಹೋದರ. ತನ್ನ ಪುಸ್ತಕದ ಕಳೆದುಹೋದ ಹಾಳೆಗಳನ್ನು ತಂದುಕೊಡು, ಇನ್ನೊಬ್ಬನನ್ನು ಮಾತ್ರ ನಂಬಬೇಡ ಎಂದು ಇಬ್ಬರೂ ಬೇಡುತ್ತಾರೆ. ಯಾರನ್ನು ನಂಬಬೇಕು? ಈ ಒಂದು ಪ್ರಶ್ನೆಯೇ ಆಟವನ್ನು ಕೊನೆಯವರೆಗೂ ಎಳೆದುಕೊಂಡು ಹೋಗುತ್ತದೆ. 60 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು, ಸಿ.ಡಿ. ಡ್ರೈವ್ ಎಂಬ ಹೊಸ ಸಾಧನವನ್ನು ಇದಕ್ಕಾಗಿಯೇ ಕೊಂಡವರಿದ್ದರು.

ಮಿಸ್ಟ್‌ನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಕಿವಿಗೆ ಸಂಬಂಧಿಸಿದ ಭಾಗ; ಬಾನುಲಿಯಲ್ಲಿ ಅದನ್ನು ಹೇಳದೆ ಮುಂದೆ ಹೋಗಲಾರೆ. ಹಾಳೆಗಳನ್ನು ಹುಡುಕುತ್ತಾ ದ್ವೀಪದಿಂದ ಬೇರೆ ಬೇರೆ ಲೋಕಗಳಿಗೆ ಹೋಗಬೇಕು. ಅವುಗಳಲ್ಲಿ ಒಂದಾದ ಸೆಲೆನಿಟಿಕ್ ಎಂಬ ಲೋಕದಲ್ಲಿ ನೀರು, ಬೆಂಕಿ, ಗಡಿಯಾರ, ಹರಳುಗಳು, ಸುರಂಗದ ಗಾಳಿ, ಹೀಗೆ ಐದು ಕಡೆಗಳ ಸದ್ದನ್ನು ಹಿಡಿಯಬೇಕು. ಆಮೇಲೆ ಅವನ್ನು ಸರಿಯಾದ ಕ್ರಮದಲ್ಲಿ ಜೋಡಿಸಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಕಣ್ಣು ಮುಚ್ಚಿಕೊಂಡು ಕೇಳುವಂತೆ ಮಾಡುವ ಆಟಗಳು ಎಷ್ಟಿವೆ?

ಆದರೆ ಮಿಸ್ಟ್‌ನ ಎಷ್ಟೋ ಒಗಟುಗಳು ಅಲ್ಲಿ ಇರುವುದು ಆಡುವವರ ಸಲುವಾಗಿ ಮಾತ್ರ. ಇಂಥ ಬೀಗವನ್ನು ಆ ಲೋಕದವರು ಏಕೆ ಇಟ್ಟುಕೊಂಡಿದ್ದರು ಎಂದು ಕೇಳಿದರೆ ನಂಬುವಂಥ ಉತ್ತರ ಸಿಗುವುದಿಲ್ಲ. ಅದೂ ಸಾಲದೆಂಬಂತೆ ಒಮ್ಮೆಗೆ ಒಂದೇ ಹಾಳೆಯನ್ನು ಒಯ್ಯಬಹುದಾದ್ದರಿಂದ, ಇಬ್ಬರ ಮಾತನ್ನೂ ಪೂರ್ತಿ ಕೇಳಬೇಕೆಂದರೆ ಅದೇ ಲೋಕಗಳಿಗೆ ಎರಡೆರಡು ಬಾರಿ ಅಲೆಯಬೇಕು.

1997ರಲ್ಲಿ ಐದು ಸಿ.ಡಿ.ಗಳಲ್ಲಿ ಬಂದ ರಿವೆನ್ ಈ ಕೊರತೆಯನ್ನು ಬುಡದಿಂದಲೇ ನೀಗಿಸಿತು. ರಾಬಿನ್ ಮಿಲ್ಲರ್ ಜೊತೆಗೆ ರಿಚರ್ಡ್ ವ್ಯಾಂಡರ್ ವೆಂಡೆ ಎಂಬ ಕಲಾವಿದ ಇದರ ವಿನ್ಯಾಸದಲ್ಲಿದ್ದರು. ಹಲವು ದ್ವೀಪಗಳ ಈ ನಾಡಿನಲ್ಲಿ ಪ್ರಜೆಗಳಿದ್ದಾರೆ, ಆಳುವವನಿದ್ದಾನೆ. ಗೆನ್ ಎಂಬ ಆ ದೊರೆ ತನ್ನನ್ನು ದೇವರೆಂದು ಪೂಜಿಸಿಕೊಳ್ಳುತ್ತಾನೆ.

ಹಳ್ಳಿಯ ಶಾಲೆಯಲ್ಲಿ ಒಂದು ಆಟಿಕೆಯಿದೆ. ಬಾಯಿ ತೆರೆದ ದೊಡ್ಡ ಮೀನಿನಂಥ ಪ್ರಾಣಿಯ ಮೇಲೆ ಪುಟ್ಟ ಮನುಷ್ಯನ ಗೊಂಬೆ ನೇತಾಡುತ್ತಿರುತ್ತದೆ. ತಿರುಗಿಸಿದರೆ ಒಂದು ಚಿಹ್ನೆ ಕಾಣುತ್ತದೆ. ಆ ಚಿಹ್ನೆ ಸೂಚಿಸುವಷ್ಟು ಹಂತ ಗೊಂಬೆ ಟಿಕ್ ಟಿಕ್ ಎಂದು ಕೆಳಗಿಳಿಯುತ್ತದೆ. ಆ ಟಿಕ್‌ಗಳನ್ನು ಎಣಿಸುತ್ತಾ ನೀವು ಆ ನಾಡಿನ ಅಂಕಿಗಳನ್ನು ಕಲಿಯುತ್ತೀರಿ. ಆಟಿಕೆ ಕಲಿಸುವುದು ಹತ್ತರವರೆಗೆ ಮಾತ್ರ. ಒಂದರ ಚಿಹ್ನೆಯನ್ನು ಕಾಲು ಸುತ್ತು ತಿರುಗಿಸಿದರೆ ಐದಾಗುತ್ತದೆ ಎಂಬ ಕ್ರಮವನ್ನು ಹಿಡಿದು ಉಳಿದದ್ದನ್ನು ನೀವೇ ಊಹಿಸಬೇಕು. ಅಷ್ಟರಲ್ಲಿ ಗೊಂಬೆ ಪ್ರಾಣಿಯ ಬಾಯಿಗೆ ಬಿದ್ದಿರುತ್ತದೆ. ಇದೇ ದ್ವೀಪದಲ್ಲಿ ನೀರಿನ ಮೇಲೆ ನಿಂತ ವಧಾಸ್ತಂಭವನ್ನೂ ನೀವು ನೋಡುತ್ತೀರಿ, ಆಗ ಆಟಿಕೆಯ ಅರ್ಥ ಹೊಳೆಯುತ್ತದೆ: ದೊರೆ ಮಕ್ಕಳಿಗೆ ಲೆಕ್ಕವನ್ನೂ ಭಯವನ್ನೂ ಒಟ್ಟಿಗೇ ಕಲಿಸುತ್ತಿದ್ದಾನೆ. ಒಗಟು, ಕಥೆ, ರಾಜಕೀಯ ಮೂರೂ ಒಂದೇ ವಸ್ತುವಿನಲ್ಲಿ ಬೆರೆತಿರುವ ಇಂಥ ಉದಾಹರಣೆಯನ್ನು ನಾನು ಬೇರೆ ಆಟದಲ್ಲಿ ಕಂಡಿಲ್ಲ.

ಅಲ್ಲಲ್ಲಿ ಅಡಗಿಸಿಟ್ಟ ಮರದ ಗೋಲಗಳೂ ಹಾಗೆಯೇ. ತಿರುಗಿಸಿದರೆ ಒಂದು ಪ್ರಾಣಿಯ ಕೂಗು, ಹಿಂಬದಿಯಲ್ಲಿ ಒಂದು ಅಂಕಿ. ಆ ಕೂಗು ಯಾವ ಪ್ರಾಣಿಯದೆಂದು ತಿಳಿಯಲು ದ್ವೀಪದಲ್ಲಿ ಅಲೆದು ಕಿವಿಗೊಡಬೇಕು.

ರಿವೆನ್ ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಒಂದು ದ್ವೀಪದಲ್ಲಿ ಕಂಡದ್ದಕ್ಕೆ ಇನ್ನೊಂದು ದ್ವೀಪದಲ್ಲಿ ಅರ್ಥ ಸಿಗುತ್ತದೆ, ಅದಕ್ಕಾಗಿ ಪಕ್ಕದಲ್ಲಿ ನೋಟ್‌ಬುಕ್ಕು, ಪೆನ್ನು ಇರಲೇಬೇಕು. ಸಂಜೆಗೆ ಒಂದು ಗಂಟೆ ಆಡಿ ಮರೆಯುವವರಿಗೆ, ಮಕ್ಕಳೊಡನೆ ಕುಳಿತು ಆಡಬಯಸುವವರಿಗೆ ಮಿಸ್ಟ್ ಸಾಕು, ಅದು ಬೇಗ ಕೈಗೆ ಬರುತ್ತದೆ. ಇನ್ನೊಂದು ಮಾತು: ರಿವೆನ್ ಮೊದಲು ಆಡಿದರೆ ಮಿಸ್ಟ್‌ನ ಸಹೋದರರ ಗುಟ್ಟು ತುಸು ಸಡಿಲವಾಗುತ್ತದೆ. ಆ ನಷ್ಟವನ್ನು ನಾನು ಒಪ್ಪಿಕೊಳ್ಳುತ್ತೇನೆ, ರಿವೆನ್ ಕೊಡುವುದು ಅಷ್ಟು ದೊಡ್ಡದು.

ಎರಡನ್ನೂ ಸಯಾನ್ ಹೊಸದಾಗಿ ನಿರ್ಮಿಸಿದೆ. ರಿವೆನ್‌ನ ಹೊಸ ರೂಪ 2024ರಲ್ಲಿ ಬಂತು. ಹಿಂದೆ ಸ್ಥಿರಚಿತ್ರಗಳಾಗಿದ್ದ ಜಾಗಗಳಲ್ಲಿ ಈಗ ಮನಸ್ಸಿಗೆ ಬಂದಂತೆ ನಡೆಯಬಹುದು. ಕೆಲವು ಒಗಟುಗಳು ಬದಲಾಗಿವೆ, ಆದ್ದರಿಂದ ಹಳೆಯ ಉತ್ತರಗಳನ್ನು ನಂಬಿ ಹೋಗಬೇಡಿ. ಹೆಡ್‌ಫೋನ್ ಹಾಕಿಕೊಂಡೇ ಆಡಿ. ನಮಸ್ಕಾರ.